ಉದಾಹರಣೆಗಳನ್ನು ಓಡಿಸಿ ನೋಡಿ

ಹೊಸ ಲೈಬ್ರರಿ (ಬೇರೆಯವರು ಬರೆದಿಟ್ಟ, ನಾವು ಬಳಸುವ ಕೋಡ್) ಸಿಕ್ಕಿದರೆ ನಾನು ಮೊದಲು ಹುಡುಕುವುದು ಉದಾಹರಣೆಯನ್ನೇ. ವಿವರಣೆ ಓದುವುದು ಆಮೇಲೆ, ಅದೂ ಕೋಡ್ ಕೈಕೊಟ್ಟರೆ ಮಾತ್ರ. ಬಹಳ ಜನ ಹೀಗೇ ಅಲ್ವಾ? ಹಾಗಾಗಿ ನಮ್ಮ ಟೀಮಿನ ಡಾಕ್ಯುಮೆಂಟಿನಲ್ಲಿ ಔಟ್‌ಪುಟ್ ಅಂತ ಏನೇ ಬರೆದರೂ ಅದನ್ನು ಮಷೀನೇ ಚೆಕ್ ಮಾಡಬೇಕು ಅನ್ನುವುದು ನನ್ನ ಹಟ.

ಪೈಥಾನ್‌ನಲ್ಲಿ ಇದಕ್ಕೆ ಡಾಕ್‌ಟೆಸ್ಟ್ ಅನ್ನುವ ಟೂಲ್ ಇದೆ. ಟಿಮ್ ಪೀಟರ್ಸ್ ಬರೆದದ್ದು, 2001ರ ಪೈಥಾನ್ 2.1ರಿಂದ ಭಾಷೆಯ ಜೊತೆಗೇ ಬರುತ್ತದೆ. >>> ಕಂಡಲ್ಲಿ ಆ ಸಾಲನ್ನು ಓಡಿಸುತ್ತದೆ, ಬಂದ ಉತ್ತರವನ್ನು ಕೆಳಗೆ ಬರೆದದ್ದರ ಜೊತೆ ಅಕ್ಷರ ಬಿಡದೆ ಹೋಲಿಸುತ್ತದೆ.

>>> 0.1 + 0.2
0.3

ಇದು ಫೇಲ್. ನಿಜವಾಗಿ ಬರುವುದು 0.30000000000000004. ಕಿರಿಕಿರಿ ಅನ್ನಿಸಬಹುದು, ಆದರೆ ಓದುವವರ ಸ್ಕ್ರೀನಿನಲ್ಲೂ ಬರುವುದು ಅದೇ ತಾನೇ?

2024ರಲ್ಲಿ ನಂಪೈ (ಪೈಥಾನ್‌ನ ಲೆಕ್ಕದ ಲೈಬ್ರರಿ) 2.0 ಬಂದಾಗ ನಮ್ಮ ಉದಾಹರಣೆಗಳು ಸಾಲುಸಾಲಾಗಿ ಕೆಂಪಾದವು, ಅಂದರೆ ಫೇಲ್ ಆದವು. ಮೊದಲು ಸುಮ್ನೆ 3.0 ಅಂತ ತೋರಿಸುತ್ತಿದ್ದ ಕಡೆ ಈಗ ಎನ್‌ಪಿ.ಫ್ಲೋಟ್64(3.0) ಅಂತ ಬರುತ್ತಿತ್ತು. ಲೆಕ್ಕ ಬದಲಾಗಿಲ್ಲ, ತೋರಿಸುವ ರೀತಿ ಬದಲಾಗಿದೆ. ‘ಡಾಕ್‌ಟೆಸ್ಟ್‌ನ ಎಲಿಪ್ಸಿಸ್ ಆಯ್ಕೆ ಆನ್ ಮಾಡಿ ಉತ್ತರದ ಜಾಗದಲ್ಲಿ ಮೂರು ಚುಕ್ಕಿ ಹಾಕಿಬಿಡೋಣ, ಏನು ಬಂದರೂ ಪಾಸ್’ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಮೆಮೊರಿ ಅಡ್ರೆಸ್ ಥರ ಪ್ರತಿ ಸಲ ಬದಲಾಗುವುದಕ್ಕೆ ಚುಕ್ಕಿ ಸರಿ. ಸೆಟ್ (ಕ್ರಮವಿಲ್ಲದ ಗುಂಪು) ಪ್ರಿಂಟ್ ಮಾಡುವಾಗ ಕ್ರಮ ಅದಲುಬದಲಾದರೆ ಸಾರ್ಟ್ ಮಾಡಿ ತೋರಿಸಿದರಾಯಿತು. ಉಳಿದ ಕಡೆ ಉತ್ತರವನ್ನು ಪೂರ್ತಿ ಬರೆಯಲೇಬೇಕು. ಕೊನೆಗೆ ಎಲ್ಲವನ್ನೂ ಕೂತು ತಿದ್ದಿದೆವು.

ನನಗೆ ಜಾಸ್ತಿ ಭಯ ಕೆಂಪಾಗುವ ಉದಾಹರಣೆಗಳದ್ದಲ್ಲ, ಪುಕ್ಕಟೆ ಹಸಿರಾಗುವ, ಅಂದರೆ ಉತ್ತರ ಚೆಕ್ ಆಗದೆಯೇ ಪಾಸ್ ಆಗುವವುಗಳದ್ದು. ಗೋ ಭಾಷೆಯಲ್ಲಿ ಎಕ್ಸಾಂಪಲ್ ಫಂಕ್ಷನ್ನಿನ ಕೊನೆಗೆ ‘ಔಟ್‌ಪುಟ್:’ ಅನ್ನುವ ಕಾಮೆಂಟ್ ಇದ್ದರೆ ಟೆಸ್ಟ್ ಟೂಲ್ ಬಂದ ಉತ್ತರವನ್ನು ಅದರ ಜೊತೆ ಹೋಲಿಸುತ್ತದೆ. ಅದನ್ನು ಬಿಟ್ಟರೆ ಕಂಪೈಲ್ ಮಾತ್ರ ಆಗುತ್ತದೆ, ಓಡುವುದೇ ಇಲ್ಲ. ರಸ್ಟ್‌ನಲ್ಲಿ ಕಾರ್ಗೋ ಟೆಸ್ಟ್ ಅನ್ನುವ ಕಮಾಂಡ್ ಡಾಕ್ಯುಮೆಂಟಿನ ಕೋಡನ್ನು ಓಡಿಸುತ್ತದೆ, ಆದರೆ ಪ್ರಿಂಟ್ ಆದದ್ದನ್ನು ನೋಡುವುದಿಲ್ಲ. ಪಕ್ಕದ ಕಾಮೆಂಟಿನಲ್ಲಿ 42 ಅಂತ ಬರೆದು, ನಿಜಕ್ಕೂ 41 ಪ್ರಿಂಟ್ ಆದರೂ ಪಾಸ್! ಅಲ್ಲಿ ಅಸರ್ಟ್ (ಉತ್ತರ ಇದೇ ಇರಬೇಕು, ಇಲ್ಲದಿದ್ದರೆ ಫೇಲ್ ಅನ್ನುವ ಸಾಲು) ಬರೆಯಬೇಕು. ರಿವ್ಯೂ ಮಾಡುವಾಗ ನಾನು ಇವೆರಡನ್ನು ಮಾತ್ರ ಕಣ್ಣಿಟ್ಟು ನೋಡುತ್ತೇನೆ.

ಅಂದಹಾಗೆ, ಡಾಕ್‌ಟೆಸ್ಟ್‌ಗೆ ಬರೀ ಟೆಕ್ಸ್ಟ್ ಫೈಲನ್ನೂ ಕೊಡಬಹುದು. ಎಲ್ಲ ಸರಿಯಿದ್ದರೆ ಏನೂ ಪ್ರಿಂಟ್ ಮಾಡುವುದಿಲ್ಲ. ಆಗ ಒಂದು ಉತ್ತರವನ್ನು ಬೇಕೆಂದೇ ಕೆಡಿಸಿ ಇನ್ನೊಮ್ಮೆ ಓಡಿಸಿ. ಆಗಲೂ ಸುಮ್ಮನಿದ್ದರೆ ಅದು ನಿಮ್ಮ ಉದಾಹರಣೆಗಳನ್ನು ಓದುತ್ತಲೇ ಇಲ್ಲ.