ಮಿಟುಕುವ ಕೆಂಪು ದೀಪ

ಕಚೇರಿಗೆ ಇಂದು ನಾಲ್ಕು ಲೈನಿನ ಫೋನ್ ಬಂತು. ಜೋಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಒಂದೇ ಕೇಬಲಿನಲ್ಲಿ ಎರಡು ಲೈನ್ ಬರಬಹುದೆಂದು ಗೊತ್ತೇ ಇರಲಿಲ್ಲ. ನಡುವಿನ ಕೆಂಪು-ಹಸಿರು ತಂತಿಗಳ ಜೋಡಿ ಮೊದಲ ಲೈನಿಗೆ, ಹೊರಗಿನ ಕಪ್ಪು-ಹಳದಿ ಎರಡನೆಯದಕ್ಕೆ. ನಾನು ಎರಡೇ ತಂತಿಯ ಹಳೆಯ ಕೇಬಲ್ ಸಿಕ್ಕಿಸಿ, ಎರಡನೇ ಲೈನ್ ಸತ್ತಿದೆ ಎಂದು ಒಂದು ಗಂಟೆ ಗೊಣಗಿದೆ. ಪಾಪ, ಅದು ಚೆನ್ನಾಗಿಯೇ ಇತ್ತು.

ಆದರೆ ನನ್ನನ್ನು ಕಾಡಿದ್ದು ಹೋಲ್ಡ್ ಗುಂಡಿ. ಒತ್ತಿದೊಡನೆ ಪುಟ್ಟ ಕೆಂಪು ದೀಪ ಮಿಟುಕತೊಡಗುತ್ತದೆ. ಮಧ್ಯಾಹ್ನ ಒಬ್ಬ ಹಿರಿಯರ ಕರೆ ಬಂತು. ‘ಒಂದು ನಿಮಿಷ ಇರಿ’ ಎಂದು ಹೋಲ್ಡ್‌ಗೆ ಹಾಕಿದೆ. ಅಷ್ಟರಲ್ಲಿ ಇನ್ನೊಂದು ಲೈನ್ ಬಡಿದುಕೊಂಡಿತು, ಅದರ ಹಿಂದೆ ಮತ್ತೊಂದು.

ನೋಡುವಾಗ ಮೊದಲ ದೀಪ ಇನ್ನೂ ಮಿಟುಕುತ್ತಲೇ ಇತ್ತು. ಹನ್ನೊಂದು ನಿಮಿಷ!

ಆ ಕಡೆ ಒಬ್ಬ ಮನುಷ್ಯ ಫೋನನ್ನು ಕಿವಿಗೊತ್ತಿಕೊಂಡು ಕುಳಿತಿದ್ದಾರೆ. ಈ ಕಡೆ ನನಗೆ ಅವರು ಬರೀ ಒಂದು ದೀಪ. ನಾನೂ ಎಷ್ಟು ಮೇಜುಗಳ ಮೇಲೆ ಹೀಗೆ ಮಿಟುಕಿದ್ದೇನೋ.

ನಾಚಿಕೊಂಡೇ ಗುಂಡಿ ಒತ್ತಿದೆ.

‘ಸಂಗೀತ ಚೆನ್ನಾಗಿತ್ತು, ಯಾಕೆ ನಿಲ್ಲಿಸಿದಿರಿ?’ ಎಂದರು.