ಹಾರ್ಟ್ ಆಪರೇಷನ್‌ಗೆ ಕಾಲಿಗೇಕೆ ಹೊಲಿಗೆ?

12 ನವೆಂಬರ್ 2024, ಮಂಗಳವಾರ
ಕೋಲಾರ

ಬೈಪಾಸ್ ಆಗಿ ಇವತ್ತಿಗೆ 26 ದಿನ. ಬೆಳಗ್ಗೆ ಬಂಗಾರಪೇಟೆಯಿಂದ ಅಕ್ಕ ಬಂದಿದ್ದಳು. ಎದೆಯ ಮೇಲಿನ ಗಾಯ ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಪಾದದ ಗಂಟಿನಿಂದ ಮೊಣಕಾಲಿನವರೆಗಿನ ಹೊಲಿಗೆ ಕಾಣಿಸಿತು. "ಹಾರ್ಟಿಗೆ ತಾನೇ ಆಪರೇಷನ್ ಮಾಡಿದ್ದು? ಕಾಲಿಗೇನಾಯ್ತೋ?" ಅಂದಳು.

ಎರಡು ತಿಂಗಳ ಹಿಂದೆ ನನಗೂ ಗೊತ್ತಿರಲಿಲ್ಲ. ಎದೆ ತೆರೆದು ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಬ್ಲಾಕ್ ಕ್ಲೀನ್ ಮಾಡುತ್ತಾರೆ ಅಂತಲೇ ನಂಬಿದ್ದೆ. ಹಾಗಲ್ಲ. ಬ್ಲಾಕ್ ಇದ್ದಲ್ಲೇ ಇರುತ್ತದೆ.

ಅಕ್ಕನ ಮನೆಯವರದ್ದು ಟೊಮೆಟೊ ತೋಟ. "ಬೋರ್ ನೀರಿಂದ ಡ್ರಿಪ್ ಪೈಪಲ್ಲಿ ಉಪ್ಪು ಕಟ್ಟಿದ್ರೆ ಏನ್ ಮಾಡ್ತೀರಿ?" ಅಂತ ಕೇಳಿದೆ. "ಬೇರೆ ತುಂಡು ಹಾಕಿ ಮುಂದಕ್ಕೆ ಸೇರಿಸ್ತೀವಿ" ಅಂದಳು. ಇದೂ ಅದೇ. ಕಾಲಿನಿಂದ ತೆಗೆದ ರಕ್ತನಾಳದ ಒಂದು ತುದಿಯನ್ನು ಹೃದಯದಿಂದ ಹೊರಡುವ ದೊಡ್ಡ ನಾಳಕ್ಕೆ, ಇನ್ನೊಂದನ್ನು ಬ್ಲಾಕ್ ದಾಟಿದ ಮೇಲೆ ಹೊಲಿಯುತ್ತಾರೆ. ಕಾಲಿನ ಕೆಲಸ ಒಳಗಿನ ನಾಳಗಳು ನೋಡಿಕೊಳ್ಳುತ್ತವೆ. ಸಂಜೆ ಹೊತ್ತಿಗೆ ಮಾತ್ರ ಪಾದ ಊದುತ್ತದೆ, ದಿಂಬಿನ ಮೇಲೆ ಎತ್ತಿಡುತ್ತೇನೆ.

ನನಗೆ ಹಾಕಿದ್ದು ಇಂಥ ಮೂರು ನಾಳ. ಎರಡು ಕಾಲಿನವು. ಮೂರನೆಯದು ಎದೆಗೋಡೆಯ ಒಳಗೇ ಇರುವ ನಾಳ. ಅದರ ಮೇಲಿನ ತುದಿ ಇದ್ದಲ್ಲೇ ಬಿಟ್ಟು, ಕೆಳಗಿನ ತುದಿ ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಬಾಳಿಕೆ ಬರುವುದು ಇದೇ ಅಂತೆ. ಕಾಲಿನ ನಾಳದಲ್ಲಿ ರಕ್ತದ ಒತ್ತಡ ಕಡಿಮೆ, ಹೃದಯದ ಹತ್ತಿರದ ಒತ್ತಡ ಅದಕ್ಕೆ ರೂಢಿಯಿಲ್ಲ.

ಕಾಲಿನ ನಾಳದ ಈ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೂಢಿಗೆ ತಂದವರು ಅರ್ಜೆಂಟೀನಾದ ರೆನೆ ಫಾವಲೋರೊ. ಅದಕ್ಕೂ ಮುಂಚೆ ಸುಮಾರು 12 ವರ್ಷ ಹಳ್ಳಿಯೊಂದರಲ್ಲಿ ಡಾಕ್ಟರ್ ಆಗಿದ್ದರಂತೆ. ಮಗ ಇದನ್ನು ಓದಿ ಹೇಳಿದಾಗ, ಕಾಣದ ಆ ಮನುಷ್ಯನಿಗೆ ಮನಸ್ಸಲ್ಲೇ ಕೈಮುಗಿದೆ.

ಕಷ್ಟ ಇರುವುದು ಕೆಮ್ಮಿನಲ್ಲಿ. ಎದೆಮೂಳೆಯನ್ನು ಉದ್ದಕ್ಕೆ ಸೀಳಿ ಸ್ಟೀಲ್ ತಂತಿಯಿಂದ ಕಟ್ಟಿದ್ದಾರೆ. ಅದು ಸರಿಯಾಗಿ ಕೂಡಲು ಎರಡು ಮೂರು ತಿಂಗಳು ಬೇಕು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಅಪ್ಪಿಕೊಳ್ಳಬೇಕು. ಹಾಸಿಗೆಯಿಂದ ಏಳುವಾಗ ಕೈ ಊರುವಂತಿಲ್ಲ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಹಾಗೇ ಏಳಬೇಕು. ತುಂಬಿದ ಬಿಂದಿಗೆ ಮುಟ್ಟಲು ಹೆಂಡತಿ ಬಿಡುವುದಿಲ್ಲ. ಹೋದ ವಾರ ಕಾರಣವೇ ಇಲ್ಲದೆ ಎರಡು ಸಲ ಅತ್ತುಬಿಟ್ಟೆ. ಡಾಕ್ಟರ್ ಹತ್ತಿರ ಹೇಳಿಕೊಂಡೆ. ಈ ಆಪರೇಷನ್ ಆದವರಲ್ಲಿ ಇದು ತುಂಬ ಜನಕ್ಕೆ ಆಗುತ್ತದೆ, ಜಾಸ್ತಿ ದಿನ ಹೀಗೇ ಇದ್ದರೆ ಮತ್ತೆ ಬನ್ನಿ ಅಂದರು. ಅರ್ಧ ಭಾರ ಅಲ್ಲೇ ಇಳಿಯಿತು.

ಎಲ್ಲ ಕೇಳಿಸಿಕೊಂಡ ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ, "ನೀರು ಅದೇ ಅಲ್ವಾ? ಹೊಸ ಪೈಪಿಗೂ ಉಪ್ಪು ಕಟ್ಟಲ್ವಾ?" ಅಂದಳು.

ಕಟ್ಟುತ್ತದೆ. ಅದಕ್ಕೇ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಜೀವನಪೂರ್ತಿ. ಬೀಡಿ ಇನ್ನು ಇಲ್ಲ. ಉಪ್ಪು, ಎಣ್ಣೆ ಕಡಿಮೆ.

ಹೊರಡುವಾಗ ಚೀಲದಿಂದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ತೆಗೆದಳು. ನನ್ನ ಮುಖ ನೋಡಿ, ಮತ್ತೆ ಚೀಲಕ್ಕೇ ಹಾಕಿಕೊಂಡಳು.