ಮ್ಯಾಡಿಸನ್ ನದಿಯಲ್ಲಿ ಟ್ರೌಟ್ ಎಲ್ಲಿ ನಿಲ್ಲುತ್ತದೆ

ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಗೆ ಮೊದಲ ಸಲ ಫ್ಲೈ ಫಿಶಿಂಗ್‌ಗೆಂದು, ಅಂದರೆ ಕೃತಕ ನೊಣ ಕಟ್ಟಿದ ಗಾಳದಿಂದ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲೆಂದು, ಬಂದವರ ಕಣ್ಣು ಸಾಮಾನ್ಯವಾಗಿ ಹೋಗುವುದು ನಡುಹೊಳೆಗೆ. ದೊಡ್ಡ ಮೀನು ಅಲ್ಲೇ ಇರಬೇಕೆಂದು ಅವರು ಎದೆಮಟ್ಟದ ವೇಡರ್ (ನೀರು ಒಳಬಾರದ ಉಡುಪು) ತೊಟ್ಟು, ಸೊಂಟ ಮುಳುಗುವವರೆಗೆ ಇಳಿದುಬಿಡುತ್ತಾರೆ. ಹೀಗೆ ತುಳಿದುಕೊಂಡು ಹೋದ ದಡದಂಚಿನ ಮೊಣಕಾಲುದ್ದದ ನೀರಿನಲ್ಲೇ ಎಷ್ಟೋ ವೇಳೆ ಒಳ್ಳೆಯ ಬ್ರೌನ್ ಟ್ರೌಟ್ ನಿಂತಿರುತ್ತದೆ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಫೈರ್‌ಹೋಲ್ ಮತ್ತು ಗಿಬ್ಬನ್ ಹೊಳೆಗಳು ಕೂಡಿ ಮ್ಯಾಡಿಸನ್ ಹುಟ್ಟುತ್ತದೆ. ಅದು ಹೆಬ್ಗೆನ್ ಅಣೆಕಟ್ಟನ್ನು ದಾಟಿ ಕ್ವೇಕ್ ಲೇಕ್ ಸೇರುತ್ತದೆ. 1959ರ ಆಗಸ್ಟ್ 17ರ ರಾತ್ರಿಯ ಭೂಕಂಪದಲ್ಲಿ ಬೆಟ್ಟದ ಒಂದು ಮಗ್ಗುಲೇ ಕುಸಿದು ನದಿಗೆ ಅಡ್ಡಬಿದ್ದದ್ದರಿಂದ ಉಂಟಾದ ಕೆರೆ ಇದು. ಆ ದುರಂತದಲ್ಲಿ 28 ಜನ ಸತ್ತರು. ಅಲ್ಲಿಂದ ಎನ್ನಿಸ್ ಊರಿನವರೆಗಿನ ಹರಿವನ್ನು ಅಲ್ಲಿನವರು ‘ಐವತ್ತು ಮೈಲಿಯ ರಿಫಲ್’ ಎನ್ನುತ್ತಾರೆ; ರಿಫಲ್ ಎಂದರೆ ಕಲ್ಲುಗಳ ಮೇಲೆ ಓಡುವ ಆಳವಿಲ್ಲದ ನೀರು. ಮಡುಗಳು ಕಡಿಮೆ, ಉರುಟುಗಲ್ಲುಗಳ ಮೇಲೆ ಒಂದೇ ಸಮನೆ ಓಡುವ ನೀರೇ ಎಲ್ಲೆಲ್ಲೂ. ಮೇಲಿನಿಂದ ನೋಡಿದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ವ್ಯತ್ಯಾಸವಿರುವುದು ಸೆಳವಿನಲ್ಲಿ. ಟ್ರೌಟ್ ದಿನವಿಡೀ ಸೆಳವಿಗೆ ಎದುರಾಗಿ ಈಜುತ್ತಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆದ್ದರಿಂದ ಅದು ಜಗಲಿಯಲ್ಲಿ ಕುಳಿತು ಬೀದಿಯಲ್ಲಿ ಬರುವ ತರಕಾರಿ ಗಾಡಿಗೆ ಕಾಯುವವರಂತೆ, ನಿಧಾನದ ನೀರಿನಲ್ಲಿ ನಿಂತು, ಪಕ್ಕದ ವೇಗದ ನೀರು ಹೊತ್ತು ತರುವ ಹುಳುಗಳನ್ನು ಹೆಕ್ಕಿಕೊಳ್ಳುತ್ತದೆ. ಬಂಡೆಯ ಹಿಂದೆ ಇಂಥ ಜಾಗವಿರುವುದು ಎಲ್ಲರಿಗೂ ಗೊತ್ತು; ಆದರೆ ಬಂಡೆಗೆ ಬಡಿದು ನೀರು ಹಿಮ್ಮೆಟ್ಟುವಲ್ಲಿ, ಅದರ ಮುಂದೆಯೂ ಒಂದು ಮೆತ್ತನೆಯ ತಾಣವಿರುತ್ತದೆ. ನಾನು ಮೊದಲು ಗಾಳ ಬಿಡುವುದು ಅಲ್ಲಿಗೇ. ದೊಡ್ಡ ನದಿಯನ್ನು ದೊಡ್ಡ ನದಿಯೆಂದು ಭಾವಿಸದೆ, ಅಕ್ಕಪಕ್ಕ ಹರಿಯುವ ಹತ್ತಾರು ತೊರೆಗಳೆಂದು ಬಗೆದು, ಒಂದು ತೊರೆಯನ್ನು ಮುಗಿಸಿದ ಮೇಲೆ ಇನ್ನೊಂದಕ್ಕೆ ಕಾಲಿಡುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಕಷ್ಟ ಶುರುವಾಗುವುದು ಆಮೇಲೆ. ಪುಕ್ಕ ಮತ್ತು ನೂಲಿನಿಂದ ಕಟ್ಟಿದ ಕೃತಕ ನೊಣಕ್ಕೆ ತೂಕವೆಂಬುದೇ ಇರುವುದಿಲ್ಲವಾದ್ದರಿಂದ, ಅದನ್ನು ದೂರಕ್ಕೆ ಒಯ್ಯುವುದು ದಪ್ಪನೆಯ ದಾರದ ತೂಕವೇ. ಆ ದಾರ ನಿಮ್ಮ ಮತ್ತು ಮೀನಿನ ನಡುವಿನ ವೇಗದ ನೀರಿನ ಮೇಲೆ ಬಿದ್ದ ಕೂಡಲೇ ಬಿಲ್ಲಿನಂತೆ ಬಾಗಿ, ನೊಣವನ್ನು ಹರಿವಿಗಿಂತ ಬೇಗ ಎಳೆದುಕೊಂಡು ಹೋಗುತ್ತದೆ. ಟ್ರೌಟ್ ಅದನ್ನು ಮೂಸಿಯೂ ನೋಡುವುದಿಲ್ಲ. ಹೀಗಾಗದಂತೆ ದಾರ ನೀರಿಗೆ ಬಿದ್ದೊಡನೆ ಕೋಲಿನ ತುದಿಯನ್ನು ಎತ್ತಿ, ನೊಣ ಅಲುಗದಂತೆ, ದಾರದ ನಡುಭಾಗವನ್ನು ಮಾತ್ರ ಮೇಲ್ಹರಿವಿನ ಕಡೆಗೆ ತಿರುಗಿಸಿ ಹಾಕಬೇಕು. ಇದಕ್ಕೆ ಮೆಂಡಿಂಗ್ ಎನ್ನುತ್ತಾರೆ. ಯಾವ ನೊಣ ಕಟ್ಟಬೇಕೆಂದು ಅಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚಿಸುವವರು ಅದರ ಅರ್ಧ ಹೊತ್ತನ್ನು ಇದರ ಅಭ್ಯಾಸಕ್ಕೆ ಕೊಟ್ಟರೆ ಹೆಚ್ಚು ಮೀನು ಸಿಕ್ಕೀತು. ಜೂನ್ ಕೊನೆಯಿಂದ ಜುಲೈ ಮೊದಲ ಭಾಗದಲ್ಲಿ, ಕಲ್ಲುಗಳಡಿ ಮೂರು ನಾಲ್ಕು ವರ್ಷ ಕಳೆದ ಸಾಲ್ಮನ್‌ಫ್ಲೈ ಹುಳುಗಳು ದಡಕ್ಕೆ ತೆವಳಿ, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಪೊದೆಗಳಿಂದ ತೊಪ್ಪನೆ ನೀರಿಗೆ ಬೀಳುವ ದಿನಗಳಲ್ಲಿ ಮಾತ್ರ ಈ ನಿಯಮ ಸ್ವಲ್ಪ ಸಡಿಲವಾಗುತ್ತದೆ.

ಇಷ್ಟು ನಾಜೂಕಿನ ಮೀನು ಇಲ್ಲಿ ಉಳಿದಿರುವುದರ ಹಿಂದೆ ಒಂದು ಸರ್ಕಾರಿ ತೀರ್ಮಾನವಿದೆ. ಇಲ್ಲಿನ ಬ್ರೌನ್ ಟ್ರೌಟ್ ಮೂಲತಃ ಯುರೋಪಿನದು, ರೇನ್‌ಬೋ ಟ್ರೌಟ್ ಪೆಸಿಫಿಕ್ ಕರಾವಳಿಯದು. ಎರಡನ್ನೂ ಮನುಷ್ಯರೇ ತಂದು ಬಿಟ್ಟದ್ದು. ಆಮೇಲೂ ಸಾಕಿದ ಮೀನುಗಳನ್ನು ತಂದು ಸುರಿಯುವುದು ನಡೆದೇ ಇತ್ತು. ಮೀನುಗಾರಿಕಾ ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ ಇದೇ ನದಿಯಲ್ಲಿ ಲೆಕ್ಕ ಹಾಕಿ, ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿದ ಕಡೆ ನದಿಯಲ್ಲೇ ಹುಟ್ಟಿ ಬೆಳೆದ ಟ್ರೌಟ್ ಹೆಚ್ಚುವುದನ್ನು ತೋರಿಸಿದರು. ಟೀಕೆಗಳ ನಡುವೆಯೂ 1974ರಲ್ಲಿ ಮೊಂಟಾನಾ ಇಂಥ ನದಿಗಳಿಗೆ ಟ್ರೌಟ್ ಬಿಡುವುದನ್ನು ಕೈಬಿಟ್ಟಿತು. ಆ ನಿರ್ಧಾರಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು 1994ರಲ್ಲಿ. ಮರಿಗಳ ಮೃದ್ವಸ್ಥಿಯನ್ನು ಕೊರೆದು, ಅವು ತಮ್ಮ ಬಾಲದ ಸುತ್ತಲೇ ತಿರುಗುವಂತೆ ಮಾಡುವ ವರ್ಲಿಂಗ್ ರೋಗ ಇಲ್ಲಿ ಪತ್ತೆಯಾಯಿತು. ಮೇಲ್ಭಾಗದ ರೇನ್‌ಬೋಗಳಲ್ಲಿ ಸುಮಾರು ಶೇಕಡ 90ರಷ್ಟು ಇಲ್ಲವಾದವು. ಈ ರೋಗ ತರುವ ಪರೋಪಜೀವಿಯ ಜೊತೆಗೇ ಯುರೋಪಿನಲ್ಲಿ ವಿಕಾಸಗೊಂಡ ಬ್ರೌನ್ ಟ್ರೌಟ್ ಹೆಚ್ಚು ನಲುಗಲಿಲ್ಲ. ಆಗಲೂ ಲಾರಿಯಲ್ಲಿ ಮೀನು ತಂದು ಸುರಿಯುವ ದಾರಿಯನ್ನು ಹಿಡಿಯದೆ, ಉಳಿದ ಮೀನುಗಳು ಮರಿಮಾಡಿ ಚೇತರಿಸಿಕೊಳ್ಳಲು ಬಿಟ್ಟದ್ದು ಸರಿಯಾಯಿತೆಂದೇ ನಾನು ಹೇಳುತ್ತೇನೆ.

ಈಗಿನ ಚಿಂತೆ ಬಿಸಿಲು. ಸತತ ಮೂರು ದಿನ ನೀರಿನ ಉಷ್ಣತೆ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನು ಮೊಂಟಾನಾದ ಮೀನು ಮತ್ತು ವನ್ಯಜೀವಿ ಇಲಾಖೆ ನಿಷೇಧಿಸಬಹುದು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಎಳೆದಾಡಿಸಿಕೊಂಡು ದಣಿದ ಮೀನು ಬಿಟ್ಟ ಮೇಲೂ ಬದುಕದಿರಬಹುದು. ನಾನು ಆ ಆದೇಶಕ್ಕೆ ಕಾಯುವುದಿಲ್ಲ. ಥರ್ಮಾಮೀಟರ್ 20 ದಾಟಿತೆಂದರೆ ದಾರ ಸುತ್ತಿ, ಎನ್ನಿಸ್‌ಗೆ ಹೋಗಿ ಊಟ ಮಾಡುತ್ತೇನೆ.